ಎಂಬತ್ತರ ಎದೆಗೆ ಬೈಪಾಸ್: ಬೇಕಾ, ಬೇಡ್ವಾ?

ಹೋದ ಸಂಚಿಕೆಯಲ್ಲಿ ವಯಸ್ಸಾದವರ ಹೃದಯದ ಬಗ್ಗೆ ಎರಡು ಮಾತು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಬೈಪಾಸ್ ಬಗ್ಗೆಯೇ. ಬರೆದವರು ಮಗ, ಮಗಳು, ಸೊಸೆ, ಅಳಿಯ. ಆಪರೇಷನ್ ಮಾಡಿಸಿಕೊಳ್ಳಬೇಕಾದವರೇ ಕೂತು ಬರೆದದ್ದು ಒಂದೇ ಒಂದು ಪತ್ರ, ಅದನ್ನು ಕೊನೆಗೆ ಇಟ್ಟಿದ್ದೇನೆ. ಎಲ್ಲರ ಹೆಸರು, ವಿಳಾಸ ತೆಗೆದಿದ್ದೇನೆ. ಪತ್ರಗಳನ್ನು ಸ್ವಲ್ಪ ಮೊಟಕು ಮಾಡಿದ್ದೇನೆ.

ಪ್ರಶ್ನೆ: ಡಾಕ್ಟರೇ, ನಮ್ಮ ಅಪ್ಪನಿಗೆ 79 ವರ್ಷ. ಆಂಜಿಯೋಗ್ರಾಂನಲ್ಲಿ ಮೂರು ಬ್ಲಾಕ್ ಇದೆ, ಅದರಲ್ಲಿ ಒಂದು ಎಡಗಡೆಯ ಮುಖ್ಯ ನಾಳದಲ್ಲೇ ಇದೆ ಅಂದರು. ಶುಗರ್ 20 ವರ್ಷದಿಂದ ಇದೆ. ಬೆಳಗ್ಗೆ ಅರ್ಧ ಗಂಟೆ ನಡೆಯುತ್ತಾರೆ, ತಮ್ಮ ಬಟ್ಟೆ ತಾವೇ ಒಗೆದುಕೊಳ್ಳುತ್ತಾರೆ. ಡಾಕ್ಟರ್ ಬೈಪಾಸ್ ಅಂತಾರೆ. ನೆಂಟರೆಲ್ಲ "ಈ ವಯಸ್ಸಲ್ಲಿ ಯಾಕ್ರೀ ಎದೆ ಸೀಳಿಸ್ತೀರಿ" ಅಂತಾರೆ. ಬೈಪಾಸ್‌ಗೆ ವಯಸ್ಸಿನ ಮಿತಿ ಎಷ್ಟು?

ಉತ್ತರ: ಅಂಥ ಒಂದು ಗೆರೆ ಇಲ್ಲ. 80 ದಾಟಿದವರಿಗೂ ಬೈಪಾಸ್ ಮಾಡುತ್ತಾರೆ, 65ರವರಿಗೆ ಬೇಡ ಅನ್ನುವುದೂ ಉಂಟು. ಹಾಗಂತ ವಯಸ್ಸು ಲೆಕ್ಕಕ್ಕೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮೊದಲೇ ದಿನ ಗೊತ್ತುಮಾಡಿಕೊಂಡು ಮಾಡುವ ಬೈಪಾಸ್‌ನಲ್ಲಿ ಎಲ್ಲ ವಯಸ್ಸಿನವರನ್ನೂ ಸೇರಿಸಿ ನೋಡಿದರೆ ಜೀವಕ್ಕೆ ಅಪಾಯ 100ಕ್ಕೆ ಒಂದೋ ಎರಡೋ. 80ರ ಮೇಲಿನವರಲ್ಲಿ ಅದು ಎರಡು ಮೂರು ಪಟ್ಟು ಆಗುತ್ತದೆ. ಹಾರ್ಟ್ ಅಟ್ಯಾಕ್ ಆಗಿ ರಾತ್ರೋರಾತ್ರಿ ಮಾಡಬೇಕಾಗಿ ಬಂದರೆ ಇನ್ನೂ ಜಾಸ್ತಿ.

ಸರ್ಜನ್‌ಗಳು ಯೂರೋಸ್ಕೋರ್ ಅನ್ನೋ ಒಂದು ಲೆಕ್ಕ ಹಾಕುತ್ತಾರೆ. ಅದರಲ್ಲಿ ವಯಸ್ಸು ಒಂದು ಸಾಲು ಅಷ್ಟೆ. ಕಿಡ್ನಿ ಹೇಗಿದೆ, ಶ್ವಾಸಕೋಶ ಹೇಗಿದೆ, ಹೃದಯದ ಪಂಪಿಂಗ್ ಎಷ್ಟಿದೆ, ಕತ್ತಿನ ಅಥವಾ ಕಾಲಿನ ರಕ್ತನಾಳ ಕಟ್ಟಿದೆಯಾ, ಓಡಾಟ ಹೇಗಿದೆ, ಎಷ್ಟು ತುರ್ತು, ಇವೆಲ್ಲ ಬೇರೆ ಬೇರೆ ಸಾಲುಗಳು. ಆದರೆ ಕಾಗದದ ಮೇಲೆ ಪೂರ್ತಿ ಸಿಗದ ಒಂದು ವಿಷಯ ಇದೆ. ಮನುಷ್ಯ ಗಟ್ಟಿಯಾಗಿದ್ದಾನಾ, ಸೊರಗಿದ್ದಾನಾ ಅನ್ನೋದು. ಅದಕ್ಕೊಂದು ಸರಳ ಪರೀಕ್ಷೆ ಇದೆ. 5 ಮೀಟರ್ ದೂರ ಮಾಮೂಲಿ ನಡಿಗೆಯಲ್ಲಿ ನಡೆಸುತ್ತಾರೆ. 6 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ನಡಿಗೆ ನಿಧಾನ ಅಂತ. ಹಾಗೆ ನಿಧಾನ ಇರುವ ವಯಸ್ಸಾದವರಿಗೆ ಹೃದಯದ ಆಪರೇಷನ್ ಆದಮೇಲೆ ತೊಂದರೆಗಳು ಜಾಸ್ತಿ. ನಾನಂತೂ ಪೇಷಂಟ್ ಬಾಗಿಲಿಂದ ಕುರ್ಚಿವರೆಗೆ ಬರೋದನ್ನೇ ಮೊದಲು ನೋಡುತ್ತೇನೆ. ಕೈ ಊರದೆ ಕುರ್ಚಿಯಿಂದ ಏಳ್ತಾರಾ? ಆರು ತಿಂಗಳಲ್ಲಿ ಸುಮ್ಮಸುಮ್ನೆ ತೂಕ ಇಳಿದಿದೆಯಾ? ಫೈಲ್ ಬಿಚ್ಚೋದು ಆಮೇಲೆ.

ನಿಮ್ಮಪ್ಪ ಅರ್ಧ ಗಂಟೆ ನಡೆಯುತ್ತಾರೆ, ಬಟ್ಟೆ ಒಗೆಯುತ್ತಾರೆ ಅಂತ ಬರೆದಿದ್ದೀರಲ್ಲ, ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಆ ಸಾಲು. ಎಡಗಡೆಯ ಮುಖ್ಯ ನಾಳ ಅಂದರೆ ಹೃದಯದ ಬಹುಪಾಲು ಸ್ನಾಯುವಿಗೆ ರಕ್ತ ಹೋಗುವ ದಾರಿ. ಅಲ್ಲಿ ದೊಡ್ಡ ಬ್ಲಾಕ್ ಇದ್ದಾಗ ಬರೀ ಮಾತ್ರೆ ಮೇಲೆ ಬಿಡೋದು ಒಳ್ಳೆಯದಲ್ಲ. ಜೊತೆಗೆ ಶುಗರ್ ಇದೆ. ಶುಗರ್ ಇರುವವರಿಗೆ ಹಲವು ನಾಳಗಳಲ್ಲಿ ಬ್ಲಾಕ್ ಇದ್ದರೆ ಸ್ಟೆಂಟ್‌ಗಿಂತ ಬೈಪಾಸ್ ಮೇಲು ಅಂತ 2012ರಲ್ಲಿ ಫ್ರೀಡಂ ಅನ್ನೋ ದೊಡ್ಡ ಅಧ್ಯಯನದಲ್ಲಿ ಗೊತ್ತಾಯಿತು. ಆದರೆ ಅದರಲ್ಲಿ ಇದ್ದವರ ಸರಾಸರಿ ವಯಸ್ಸು 63, ಅದು ತಲೆಯಲ್ಲಿರಲಿ. ಎಲ್ಲ ಸೇರಿಸಿ ನೋಡಿದರೆ ನಿಮ್ಮ ಡಾಕ್ಟರ್ ಹೇಳಿದ್ದರಲ್ಲಿ ಅರ್ಥ ಇದೆ. ನೆಂಟರಿಗೆ ಕಾಫಿ ಕೊಟ್ಟು ಕಳಿಸಿ. ಅಪ್ಪನನ್ನ ಕೇಳಿದಿರಾ? ಪತ್ರದಲ್ಲಿ ಎಲ್ಲರ ಅಭಿಪ್ರಾಯ ಇದೆ, ಅವರದೊಂದು ಬಿಟ್ಟು.

ಪ್ರಶ್ನೆ: ಸ್ಟೆಂಟ್ ಹಾಕಿಸಿದರೆ ಎರಡು ದಿನದಲ್ಲಿ ಮನೆಗೆ ಬರಬಹುದು. ಅತ್ತೆಗೆ 82. ಎದೆ ತೆರೆಯೋ ಬದಲು ಸ್ಟೆಂಟ್‌ನಲ್ಲೇ ಮುಗಿಸಬಾರದಾ? ಬೈಪಾಸ್ ಹೆಚ್ಚು ವರ್ಷ ಬಾಳಿಕೆ ಬರುತ್ತೆ ಅಂತಾರೆ, ನಿಜಾನಾ?

ಉತ್ತರ: ನಿಜ. ಆದರೆ 82ರವರಿಗೆ ಆ ನಿಜ ಎಷ್ಟು ಉಪಯೋಗ ಅನ್ನೋದೇ ಪ್ರಶ್ನೆ.

ಸ್ಟೆಂಟ್ ಅಂದರೆ ನಾಳದ ಒಳಗೆ ಕಟ್ಟಿಕೊಂಡ ಆ ಒಂದು ಜಾಗವನ್ನು ಅಗಲ ಮಾಡಿ ಜಾಲರಿ ಕೂರಿಸೋದು. ಬೈಪಾಸ್‌ನಲ್ಲಿ ಬ್ಲಾಕ್‌ನ ತಂಟೆಗೇ ಹೋಗಲ್ಲ, ಅದರ ಮುಂದಕ್ಕೆ ಬೇರೆ ದಾರಿಯಲ್ಲಿ ರಕ್ತ ತಂದು ಬಿಡುತ್ತಾರೆ. ಹಾಗಾಗಿ ನಾಳೆ ಅದೇ ನಾಳದಲ್ಲಿ ಮೊದಲ ಭಾಗದಲ್ಲಿ ಇನ್ನೊಂದು ಬ್ಲಾಕ್ ಬೆಳೆದರೂ ಮುಂದಿನ ಭಾಗಕ್ಕೆ ರಕ್ತ ಹೋಗುತ್ತಿರುತ್ತದೆ. ಆ ಬೇರೆ ದಾರಿಗೆ ಎದೆಗೂಡಿನ ಒಳಗೋಡೆಯಲ್ಲಿರುವ ಒಂದು ರಕ್ತನಾಳ ಬಳಸುತ್ತಾರೆ, ಮತ್ತೆ ಕಾಲಿಂದ ತೆಗೆದದ್ದು. ("ಕಾಲಿನ ನರ ತೆಗೆದರು, ಇನ್ನು ಕಾಲಿಗೆ ಶಕ್ತಿ ಇರಲ್ಲ" ಅಂತ ಹೆದರುತ್ತಾರೆ. ಅದು ನರ ಅಲ್ಲ, ಚರ್ಮದ ಕೆಳಗಿನ ರಕ್ತನಾಳ. ನಾವು ಮಾತಲ್ಲಿ ಎರಡಕ್ಕೂ ನರ ಅಂತೀವಿ, ಅದರಿಂದ ಈ ಗೊಂದಲ. ಕಾಲಿನಲ್ಲಿ ಒಳಗಡೆ ಬೇರೆ ದೊಡ್ಡ ನಾಳಗಳಿವೆ, ಅವು ಕೆಲಸ ನೋಡಿಕೊಳ್ಳುತ್ತವೆ.) ಎದೆಯ ನಾಳ ಹಾಕಿದ್ದು 10 ವರ್ಷ ಆದಮೇಲೂ 100ಕ್ಕೆ 90ರಷ್ಟು ಜನರಲ್ಲಿ ತೆರೆದೇ ಇರುತ್ತದೆ. ಕಾಲಿನದು ಅಷ್ಟು ಬಾಳಲ್ಲ, 10 ವರ್ಷದಲ್ಲಿ ಹೆಚ್ಚುಕಡಿಮೆ ಅರ್ಧ ಹಾಳಾಗಿರುತ್ತವೆ.

ಈಗ ಲೆಕ್ಕ ನೋಡಿ. ಬೈಪಾಸ್‌ನ ಕಷ್ಟ ಎಲ್ಲ ಮುಂಗಡವಾಗಿ ಕೊಡಬೇಕು, ಮೊದಲ ಮೂರು ತಿಂಗಳಲ್ಲೇ. ಲಾಭ ಮಾತ್ರ ವರ್ಷಗಟ್ಟಲೆ ನಿಧಾನವಾಗಿ ಬರುತ್ತದೆ. 60ರವರಿಗೆ ಈ ವ್ಯಾಪಾರ ಚೆನ್ನಾಗಿ ಕುದುರುತ್ತದೆ. 82ಕ್ಕೆ, ಅದರಲ್ಲೂ ಬೇರೆ ಕಾಯಿಲೆಗಳಿದ್ದರೆ, ತೊಂದರೆ ಕೊಡುತ್ತಿರುವ ಒಂದೆರಡು ಬ್ಲಾಕ್‌ಗೆ ಮಾತ್ರ ಸ್ಟೆಂಟ್ ಹಾಕಿ ಉಳಿದದ್ದನ್ನು ಮಾತ್ರೆಗೆ ಬಿಡೋದು ಜಾಣತನ ಆಗಬಹುದು. ಆದರೆ ನಾಳಗಳಲ್ಲಿ ಸುಣ್ಣ (ಕ್ಯಾಲ್ಸಿಯಂ) ಗಟ್ಟಿಯಾಗಿ ಕೂತು, ಉದ್ದುದ್ದ ಬ್ಲಾಕ್ ಇದ್ದರೆ ಸ್ಟೆಂಟ್ ಹಾಕೋದೂ ಸುಲಭದ ಕೆಲಸ ಅಲ್ಲ. ಸ್ಟೆಂಟ್ ಹಾಕಿದರೆ ರಕ್ತ ತೆಳು ಮಾಡುವ ಎರಡೆರಡು ಮಾತ್ರೆ ತಿಂಗಳುಗಟ್ಟಲೆ ನುಂಗಬೇಕು, ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ ಆಗಿದ್ದವರಿಗೆ ಅದೂ ಒಂದು ತಲೆನೋವು. ಸ್ಟೆಂಟ್ ಹಾಕುವವರು, ಆಪರೇಷನ್ ಮಾಡುವವರು ಇಬ್ಬರೂ ಒಟ್ಟಿಗೆ ಕೂತು ಆಂಜಿಯೋಗ್ರಾಂ ಸಿಡಿ ನೋಡಿ ಹೇಳಲಿ ಅಂತ ಕೇಳಿ. ಕೇಳೋದಕ್ಕೆ ಸಂಕೋಚ ಬೇಡ. ಒಬ್ಬರನ್ನೇ ಕೇಳಿದರೆ ಅವರ ಕೈಯಲ್ಲಿರೋ ಆಯುಧವನ್ನೇ ತೋರಿಸುತ್ತಾರೆ, ನಾನೂ ಸೇರಿ.

ಪ್ರಶ್ನೆ: ಹೃದಯ ನಿಲ್ಲಿಸದೆ, ಬಡಿಯುತ್ತಿರುವಾಗಲೇ ಬೈಪಾಸ್ ಮಾಡುತ್ತಾರಂತೆ. ವಯಸ್ಸಾದವರಿಗೆ ಅದೇ ಸೇಫ್ ಅಲ್ವಾ?

ಉತ್ತರ: ಕೇಳೋಕೆ ಹಾಗೆ ಅನಿಸುತ್ತೆ. ಜರ್ಮನಿಯಲ್ಲಿ 75 ಮತ್ತು ಅದಕ್ಕೆ ಮೇಲ್ಪಟ್ಟ ಸುಮಾರು 2,500 ಜನರ ಮೇಲೆ ಇದನ್ನೇ ಪರೀಕ್ಷೆ ಮಾಡಿದರು, 2013ರಲ್ಲಿ ಫಲಿತಾಂಶ ಬಂತು. 30 ದಿನಕ್ಕೆ ನೋಡಿದರೂ, ಒಂದು ವರ್ಷಕ್ಕೆ ನೋಡಿದರೂ ಎರಡು ವಿಧಾನಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಒಂದು ಕಡೆ ಮಾತ್ರ ಬಡಿಯುವ ಹೃದಯದ ವಿಧಾನ ನಿಜಕ್ಕೂ ಕೈ ಹಿಡಿಯುತ್ತದೆ. ಹೃದಯದಿಂದ ಹೊರಡುವ ದೊಡ್ಡ ನಾಳದ ಗೋಡೆಯಲ್ಲಿ ಸುಣ್ಣ ಕಟ್ಟಿದ್ದರೆ, ಅದನ್ನು ಕ್ಲಾಂಪ್ ಹಾಕಿ ಒತ್ತಿದಾಗ ಚೂರು ಕಿತ್ತು ಮೆದುಳಿಗೆ ಹೋಗಿ ಸ್ಟ್ರೋಕ್ ಆಗಬಹುದು. ಅಂಥವರಿಗೆ ಆ ನಾಳ ಮುಟ್ಟದೇ ಮಾಡೋದು ಒಳ್ಳೆಯದು. ಉಳಿದಂತೆ ನಿಮ್ಮ ಸರ್ಜನ್ ದಿನಾ ಯಾವುದು ಮಾಡುತ್ತಾರೋ ಅದೇ ಮಾಡಿಸಿ.

ಪ್ರಶ್ನೆ: ಅಮ್ಮನಿಗೆ 81. ಆಪರೇಷನ್ ಚೆನ್ನಾಗಾಯಿತು ಅಂದರು. ಎರಡನೇ ದಿನ ನಮ್ಮ ಜೊತೆ ಮಾತಾಡಿದರು. ಮೂರನೇ ದಿನ ರಾತ್ರಿ ಇದ್ದಕ್ಕಿದ್ದಂತೆ ಗೋಡೆ ಮೇಲೆ ಇರುವೆ ಸಾಲು ಹೋಗ್ತಿದೆ ಅಂತ ಶುರು ಮಾಡಿದರು. ನರ್ಸ್ ವಿಷ ಹಾಕ್ತಿದ್ದಾಳೆ ಅಂದರು. ಕೈಯಲ್ಲಿದ್ದ ಸೂಜಿ ಕಿತ್ತು ಹಾಕಿದರು. ನನ್ನನ್ನೇ "ನೀನ್ಯಾರು" ಅಂದುಬಿಟ್ಟರು ಡಾಕ್ಟರೇ. ತಲೆಗೆ ಏನಾದರೂ ಆಯಿತಾ? ಹೀಗೇ ಇದ್ದುಬಿಡ್ತಾರಾ?

ಉತ್ತರ: ನೀವು ಹೇಳಿದ್ದಕ್ಕೆ ಡೆಲಿರಿಯಂ ಅನ್ನುತ್ತೇವೆ. ಹುಚ್ಚಲ್ಲ, ಮರೆವಿನ ಕಾಯಿಲೆಯೂ ಅಲ್ಲ. ಹೃದಯದ ಆಪರೇಷನ್ ಆದ ವಯಸ್ಸಾದವರಲ್ಲಿ ಇದು ಬಹಳ ಸಾಮಾನ್ಯ, ಆದರೂ ಮೊದಲೇ ಮನೆಯವರಿಗೆ ಯಾರೂ ಹೇಳಿರಲ್ಲ, ಅದಕ್ಕೇ ಇಷ್ಟು ಗಾಬರಿ. ಮೊದಲ ಎರಡು ಮೂರು ದಿನಗಳಲ್ಲೇ ಶುರುವಾಗೋದು, ಸಂಜೆ ಆದಮೇಲೆ ಜಾಸ್ತಿ ಆಗೋದು, ಬೆಳಗ್ಗೆ ಸ್ವಲ್ಪ ಸರಿ ಇದ್ದಂತೆ ಕಾಣೋದು, ಇದೇ ಅದರ ಚಾಳಿ.

ಐಸಿಯು ಒಳಗೆ ಒಂದು ನಿಮಿಷ ನಿಮ್ಮನ್ನೇ ಮಲಗಿಸಿ ನೋಡಿ. ಕಿಟಕಿ ಇಲ್ಲ, ಹಗಲೋ ರಾತ್ರಿಯೋ ಗೊತ್ತಿಲ್ಲ. ಲೈಟ್ ಆರಲ್ಲ. ಪಕ್ಕದ ಬೆಡ್‌ನ ಯಂತ್ರ ಕೂಗುತ್ತೆ. ನಿದ್ದೆ ಹತ್ತಿದ ತಕ್ಷಣ ಯಾರೋ ಬಂದು ರಕ್ತ ತೆಗೀತಾರೆ. ನೋವಿನ ಔಷಧಿಯ ಮಂಪರು ಬೇರೆ. ಇದರ ಮೇಲೆ ಕನ್ನಡಕ ಇಲ್ಲ, ಹಲ್ಲಿನ ಸೆಟ್ ಇಲ್ಲ. ಎಂಟೋ ಹತ್ತೋ ವರ್ಷದ ಹಿಂದೆ ನನ್ನ ಅಪ್ಪನಿಗೇ ಹೀಗಾಯಿತು. ಬೇರೆಯವರಿಗೆ ಉಪದೇಶ ಮಾಡುವ ನಾನು ಅವರ ಕಿವಿಯ ಮೆಷಿನ್ ಕಳೆದುಹೋಗಬಾರದು ಅಂತ ಮನೆಯಲ್ಲಿ ಡಬ್ಬಿಯೊಳಗೆ ಜೋಪಾನವಾಗಿ ಇಟ್ಟು ಬಂದಿದ್ದೆ. ಅವರು ಎರಡು ದಿನ ಯಾರ ಮಾತಿಗೂ ಉತ್ತರ ಕೊಡದೆ ಬೇರೇನೋ ಹೇಳುತ್ತಿದ್ದರು, ನಾವು ಬುದ್ಧಿ ಕೆಟ್ಟಿತು ಅಂದುಕೊಂಡೆವು. ಮೆಷಿನ್ ತಂದು ಹಾಕಿದಮೇಲೆ ಅರ್ಧ ಗಲಾಟೆ ನಿಂತಿತು. ಅರ್ಧ ಮಾತ್ರ, ಪೂರ್ತಿ ಅಲ್ಲ.

ಹಾಗಾಗಿ ಇವತ್ತೇ ಕನ್ನಡಕ ತೆಗೆದುಕೊಂಡು ಹೋಗಿ. ಒಳಗೆ ಬಿಡೋದು ಒಬ್ಬರನ್ನೇ ಆದರೆ ದಿನಕ್ಕೊಬ್ಬರು ಬದಲಾಗಬೇಡಿ, ಒಂದೇ ಮುಖ ಇರಲಿ. "ಇರುವೆ ಎಲ್ಲಿದೆ, ಇಲ್ವಲ್ಲ" ಅಂತ ವಾದ ಮಾಡಬೇಡಿ, ಗೆಲ್ಲಲ್ಲ. ಕೈ ಹಿಡಿದುಕೊಂಡು "ಅಮ್ಮಾ, ಆಸ್ಪತ್ರೆಯಲ್ಲಿದ್ದೀರಿ, ಆಪರೇಷನ್ ಆಯಿತು, ಇವತ್ತು ಗುರುವಾರ, ನಾನು ಇಲ್ಲೇ ಇದ್ದೀನಿ" ಅಂತ ಚಿಕ್ಕ ಚಿಕ್ಕ ಮಾತಲ್ಲಿ ಹೇಳಿ, ಹತ್ತು ಸಲ ಹೇಳಬೇಕಾದರೂ ಹೇಳಿ. ಹಗಲಲ್ಲಿ ಕೂರಿಸಲಿ, ಸಾಧ್ಯವಾದರೆ ನಾಲ್ಕು ಹೆಜ್ಜೆ ನಡೆಸಲಿ, ರಾತ್ರಿ ಲೈಟ್ ಕಡಿಮೆ ಮಾಡಲಿ.

ಇದರ ಹಿಂದೆ ಬೇರೆ ಕಾರಣ ಇದೆಯಾ ಅಂತ ಹುಡುಕೋದು ಡಾಕ್ಟರ ಕೆಲಸ. ಸೋಂಕು, ಮೂತ್ರ ಕಟ್ಟಿಕೊಂಡಿರೋದು, ಮಲಬದ್ಧತೆ, ರಕ್ತದಲ್ಲಿ ಸೋಡಿಯಂ ಇಳಿದಿರೋದು, ಆಮ್ಲಜನಕ ಸಾಲದಿರೋದು, ತಡೆಯಲಾರದ ನೋವು, ಇದರಲ್ಲಿ ಯಾವುದಾದರೂ ಇರಬಹುದು. ಕೈಕಾಲು ಒಂದು ಕಡೆ ಸೋತರೆ, ಬಾಯಿ ಸೊಟ್ಟ ಆದರೆ ಅದು ಡೆಲಿರಿಯಂ ಅಲ್ಲ, ಸ್ಟ್ರೋಕ್ ಇರಬಹುದು, ಆ ಕ್ಷಣವೇ ನರ್ಸ್‌ನ ಕರೆಯಿರಿ. ಮನೆಯಲ್ಲಿ ನಿದ್ದೆ ಮಾತ್ರೆ ಅಭ್ಯಾಸ ಇತ್ತಾ? ದಿನಾ ಕುಡಿಯುವ ಅಭ್ಯಾಸ ಇತ್ತಾ? ಮೊದಲೇ ಸ್ವಲ್ಪ ಮರೆವು ಇತ್ತಾ? ಮುಚ್ಚಿಡದೆ ಹೇಳಿ. ಈ ವಿಷಯ ಆಪರೇಷನ್‌ಗೆ ಮುಂಚೆಯೇ ಹೇಳಿದ್ದರೆ ಇನ್ನೂ ಒಳ್ಳೆಯದಿತ್ತು.

ಇನ್ನೊಂದು ಮಾತು. ಕಿರುಚಾಡುವವರು ಎಲ್ಲರ ಕಣ್ಣಿಗೆ ಬೀಳುತ್ತಾರೆ. ಸುಮ್ನೆ ಗೋಡೆ ನೋಡುತ್ತಾ, ಕರೆದರೆ ಅರೆಗಣ್ಣು ಬಿಟ್ಟು ಮತ್ತೆ ಮಲಗುವವರಿಗೂ ಇದೇ ಕಾಯಿಲೆ ಇರುತ್ತದೆ. "ಪಾಪ, ಎಷ್ಟು ಶಾಂತವಾಗಿ ಮಲಗಿದ್ದಾರೆ" ಅಂತ ಬಿಟ್ಟುಬಿಡುತ್ತಾರೆ. ಅದು ಹೆಚ್ಚು ಅಪಾಯ.

ಹೀಗೇ ಇದ್ದುಬಿಡ್ತಾರಾ ಅಂದಿರಿ. ಹೆಚ್ಚಿನವರು ಕೆಲವು ದಿನಗಳಲ್ಲಿ, ಕೆಲವರು ಎರಡು ಮೂರು ವಾರಗಳಲ್ಲಿ ತಮ್ಮತನಕ್ಕೆ ಮರಳುತ್ತಾರೆ. ಕೆಲವರಿಗೆ ಲೆಕ್ಕಪತ್ರ, ಹೆಸರು ನೆನಪು ಇವು ತಿಂಗಳುಗಟ್ಟಲೆ ಮಂಕಾಗಿರಬಹುದು. ನಿಮ್ಮನ್ನು ಯಾರು ಅಂತ ಕೇಳಿದ್ದನ್ನು ಆಮೇಲೆ ಅವರಿಗೆ ನೆನಪಿಸಬೇಡಿ. ಅರೆಬರೆ ನೆನಪಿದ್ದರೆ ಅವರೇ ನಾಚಿಕೊಂಡಿರುತ್ತಾರೆ.

ಪ್ರಶ್ನೆ: ಆಪರೇಷನ್ ಆದ ಮೂರನೇ ದಿನ ಹೃದಯ ಅಡ್ಡಾದಿಡ್ಡಿ ಬಡಿಯೋಕೆ ಶುರುವಾಯಿತು. ಬೈಪಾಸ್ ಫೇಲ್ ಆಯಿತು ಅಂತಾನಾ?

ಉತ್ತರ: ಅಲ್ಲ. ಏಟ್ರಿಯಲ್ ಫಿಬ್ರಿಲೇಷನ್ ಅಂತಾರೆ. ಬೈಪಾಸ್ ಆದ 10 ಜನರಲ್ಲಿ ಸುಮಾರು ಮೂವರಿಗೆ ಬರುತ್ತದೆ, ವಯಸ್ಸಾದಷ್ಟೂ ಜಾಸ್ತಿ, ಎರಡು ಮೂರನೇ ದಿನವೇ ಅದರ ಕಾಲ. ಬಹುಪಾಲು ಔಷಧಿಯಲ್ಲಿ ಹತೋಟಿಗೆ ಬಂದು ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ಕೊಟ್ಟಿದ್ದರೆ ಅವರು ಹೇಳುವವರೆಗೂ ನಿಲ್ಲಿಸಬೇಡಿ.

ಪ್ರಶ್ನೆ: ಅಪ್ಪನಿಗೆ 76, ಬೈಪಾಸ್ ಆಗಿ ಮೂರು ವಾರ. ಊಟ ಸೇರಲ್ಲ ಅಂತಾರೆ, ಎಲ್ಲ ಲೋಹ ನೆಕ್ಕಿದ ಹಾಗಿದೆಯಂತೆ. ರಾತ್ರಿ ನಿದ್ದೆ ಇಲ್ಲ. ಜೀವಮಾನದಲ್ಲಿ ಅತ್ತವರಲ್ಲ, ಈಗ ಟಿವಿ ನೋಡುತ್ತಾ ಕಣ್ಣೀರು ಹಾಕ್ತಾರೆ. ಎಡ ಎದೆ ಜೋಮು ಹಿಡಿದಂತೆ ಇದೆ, ನಾಳ ತೆಗೆದ ಕಾಲು ಊದಿದೆ. ಇದೆಲ್ಲ ಸರಿಹೋಗುತ್ತಾ?

ಉತ್ತರ: ನೀವು ಬರೆದ ಐದೂ ನಾನು ದಿನಾ ಕೇಳೋವೇ. ರುಚಿ ಬರೋಕೆ ಒಂದೆರಡು ತಿಂಗಳು ಹಿಡಿಯುತ್ತೆ. ಅಲ್ಲಿಯವರೆಗೆ ಸ್ವಲ್ಪ ಸ್ವಲ್ಪ, ಆರು ಸಲ ಕೊಡಿ, ತಟ್ಟೆ ತುಂಬಾ ಬಡಿಸಿ ಎದುರಿಗೆ ಕೂತು ನೋಡಬೇಡಿ. ಗಾಯ ಮಾಯೋಕೆ ಪ್ರೋಟೀನ್ ಬೇಕು, ಅದು ಮರೆಯಬಾರದು. ಎಡ ಎದೆಯ ಜೋಮು ಒಳಗಿನ ನಾಳ ಬಿಡಿಸಿದ್ದರಿಂದ, ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ. ಕೆಲವರಿಗೆ ಒಂದಿಷ್ಟು ಉಳಿದುಬಿಡುತ್ತದೆ, ಅದರಿಂದ ಅಪಾಯ ಏನಿಲ್ಲ. ಕೂತಾಗ ಕಾಲು ಮೇಲಿಡಲಿ, ಕಾಲುಚೀಲ ಕೊಟ್ಟಿದ್ದರೆ ಹಾಕಲಿ.

ಕಣ್ಣೀರು ಎಷ್ಟೋ ಗಂಡಸರಿಗೆ ಆಪರೇಷನ್‌ಗಿಂತ ದೊಡ್ಡ ಅವಮಾನ ಅನಿಸುತ್ತದೆ. ಬರುತ್ತೆ, ಹೋಗುತ್ತೆ. ಆದರೆ ಆರು ವಾರ ಆದಮೇಲೂ ಹಾಸಿಗೆ ಬಿಟ್ಟು ಏಳೋದೇ ಇಲ್ಲ, ಯಾಕಾದರೂ ಬದುಕಿದೆನೋ ಅಂತಾರೆ ಅಂದರೆ ಅದು ಖಿನ್ನತೆ, ಅದಕ್ಕೂ ಚಿಕಿತ್ಸೆ ಇದೆ, ಹೃದಯದ ಡಾಕ್ಟರಿಗೇ ಹೇಳಿ.

ಎದೆಮೂಳೆಯನ್ನು ನಡುವೆ ಸೀಳಿ ಸ್ಟೀಲ್ ತಂತಿಯಲ್ಲಿ ಬಿಗಿದಿರುತ್ತಾರೆ. ಅದು ಕೂಡಿಕೊಳ್ಳೋಕೆ ಎಂಟರಿಂದ ಹನ್ನೆರಡು ವಾರ. ಅಲ್ಲಿಯವರೆಗೆ ತುಂಬಿದ ಬಕೆಟ್ ಎತ್ತೋದು, ಕೈ ಊರಿ ಹಾಸಿಗೆಯಿಂದ ಎದ್ದೇಳೋದು, ಮೊಮ್ಮಗುವನ್ನು ಎತ್ತಿಕೊಳ್ಳೋದು ಬೇಡ. ಏಳುವಾಗ ಪಕ್ಕಕ್ಕೆ ಹೊರಳಿ, ಕಾಲು ಕೆಳಗೆ ಬಿಟ್ಟು, ಆಮೇಲೆ ಏಳಲಿ. ಕೆಮ್ಮುವಾಗ ದಿಂಬನ್ನು ಎದೆಗೆ ಅವುಚಿಕೊಳ್ಳಲಿ. ನೀವು ಏಳಿಸುವಾಗ ಕಂಕುಳಿಗೆ ಕೈ ಹಾಕಿ ಎಳೆಯಬೇಡಿ, ಪ್ರೀತಿಯಿಂದ ಮಾಡುವ ತಪ್ಪಿದು. ಆಸ್ಪತ್ರೆಯಲ್ಲಿ ಮೂರು ಚೆಂಡಿನ ಉಸಿರಾಟದ ಡಬ್ಬಿ ಕೊಟ್ಟಿರುತ್ತಾರಲ್ಲ, ಅದು ಮಕ್ಕಳ ಆಟಿಕೆ ಆಗಿಬಿಟ್ಟಿದ್ದರೆ ಇಸಿದುಕೊಂಡು ಅಪ್ಪನಿಗೆ ಕೊಡಿ. ನಡಿಗೆ ದಿನಾ ಇರಲಿ, ಇವತ್ತು ಐದು ನಿಮಿಷ ಆದರೆ ಎರಡು ದಿನ ಬಿಟ್ಟು ಆರು.

ಬೆಳಗ್ಗೆ ಒಂದೇ ಹೊತ್ತಿಗೆ ತೂಕ ನೋಡಿ ಬರೆದಿಡಿ. ಒಂದೇ ದಿನದಲ್ಲಿ ಒಂದೂವರೆ ಕೆಜಿ ಏರಿದರೆ ಅದು ಕೊಬ್ಬಲ್ಲ, ನೀರು. ಅದು, ಮಲಗಿದರೆ ಉಸಿರುಕಟ್ಟೋದು, ಜ್ವರ, ಗಾಯದಿಂದ ಕೀವು, ಹೊರಳುವಾಗ ಎದೆಮೂಳೆ ಕಟಕ್ ಅನ್ನೋದು, ಒಂದೇ ಮೀನಖಂಡ ಬಿಗಿದು ನೋಯೋದು, ತಲೆಸುತ್ತಿ ಬೀಳೋದು, ಇದರಲ್ಲಿ ಯಾವುದೇ ಆದರೂ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ.

ಪ್ರಶ್ನೆ: ಡಾಕ್ಟರ್ ಅವರಿಗೆ ನಮಸ್ಕಾರ. ನನಗೆ 83. ಎರಡು ಮೂರು ಬ್ಲಾಕ್ ಇದೆ ಎನ್ನುತ್ತಾರೆ. ಮಾತ್ರೆ ತೆಗೆದುಕೊಂಡ ಮೇಲೆ ಎದೆ ಹಿಡಿಯುವುದು ಬಹಳ ಕಡಿಮೆಯಾಗಿದೆ. ಮನೆಯೊಳಗೆ ಏನೂ ತೊಂದರೆ ಇಲ್ಲ. ಮಹಡಿ ಹತ್ತಿ ಗಿಡಗಳಿಗೆ ನೀರು ಹಾಕಲು ಮಾತ್ರ ಆಗುತ್ತಿಲ್ಲ. ಮಕ್ಕಳು ಬೈಪಾಸ್ ಮಾಡಿಸಲೇಬೇಕೆಂದು ಹಟ ಹಿಡಿದಿದ್ದಾರೆ. ನನಗೆ ಸಾವಿನ ಭಯವಿಲ್ಲ, ಹಾಸಿಗೆ ಹಿಡಿದು ಇನ್ನೊಬ್ಬರ ಕೈ ನೋಡುವ ಭಯವಿದೆ. ನಾನು ಬೇಡ ಎಂದರೆ ತಪ್ಪೇ?

ಉತ್ತರ: ಅಮ್ಮ, ತಪ್ಪಲ್ಲ. ಸಹಿ ಹಾಕಬೇಕಾದವರು ನೀವು, ಎದೆ ನಿಮ್ಮದು.

ಆದರೆ ಬೇಡ ಅನ್ನುವ ಮುಂಚೆ ಒಂದು ವಿಷಯ ತಿಳಿದುಕೊಳ್ಳಿ: ಬ್ಲಾಕ್ ಎಲ್ಲಿದೆ? ಮೊದಲ ಪ್ರಶ್ನೆಯಲ್ಲಿ ಹೇಳಿದ ಎಡಗಡೆಯ ಮುಖ್ಯ ನಾಳದಲ್ಲಿದ್ದರೆ, ಅಥವಾ ಹೃದಯದ ಪಂಪಿಂಗ್ ಇಳಿದಿದ್ದರೆ ಮಾತು ಬೇರೆ. ಅವೆರಡೂ ಇಲ್ಲದೆ, ನೋವು ಸ್ಥಿರವಾಗಿದ್ದು ಮಾತ್ರೆಗೆ ಬಗ್ಗುತ್ತಿದ್ದರೆ, ಅವಸರ ಏನಿಲ್ಲ. 2020ರಲ್ಲಿ ಬಂದ ಇಸ್ಕೀಮಿಯಾ ಅಧ್ಯಯನದಲ್ಲಿ ಇಂಥವರಿಗೆ ಮೊದಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿದ್ದರಿಂದ ಆಯಸ್ಸು ಜಾಸ್ತಿ ಆಗಲಿಲ್ಲ, ಎದೆನೋವು ಇದ್ದವರಿಗೆ ನೋವು ಕಡಿಮೆಯಾಯಿತು. ಅಲ್ಲಿದ್ದವರು ನಿಮಗಿಂತ ಚಿಕ್ಕವರು. ನಿಮ್ಮ ಓರಗೆಯವರ ಮೇಲೆಯೇ, 75ಕ್ಕೆ ಮೇಲ್ಪಟ್ಟವರ ಮೇಲೆ, ಸ್ವಿಟ್ಜರ್ಲೆಂಡಿನಲ್ಲಿ ಒಂದು ಅಧ್ಯಯನ ಮಾಡಿ 2001ರಲ್ಲಿ ಪ್ರಕಟಿಸಿದರು. ಮಾತ್ರೆ ತಿಂದರೂ ನೋವು ಇದ್ದವರು ಅವರು. ಆರು ತಿಂಗಳಿಗೆ ಸ್ಟೆಂಟ್ ಅಥವಾ ಆಪರೇಷನ್ ದಾರಿ ಹಿಡಿದವರು ಹೆಚ್ಚು ಹಾಯಾಗಿದ್ದರು. ವರ್ಷದ ಹೊತ್ತಿಗೆ ಇಬ್ಬರೂ ಹೆಚ್ಚುಕಡಿಮೆ ಒಂದೇ. ಆದರೆ ಮಾತ್ರೆ ದಾರಿಯವರಲ್ಲಿ ಹಲವರು ನಡುವೆ ನೋವು ತಾಳಲಾರದೆ ಆಸ್ಪತ್ರೆ ಸೇರಬೇಕಾಯಿತು. ಅಂದರೆ ಈಗ ಬೇಡ ಅಂದರೂ ಬಾಗಿಲು ಮುಚ್ಚಿಹೋಗಲ್ಲ. ನೋವು ಜಾಸ್ತಿಯಾದರೆ, ಕೂತಲ್ಲೇ ಬರಲು ಶುರುವಾದರೆ ಮತ್ತೆ ಯೋಚನೆ ಮಾಡಬಹುದು.

ಗಿಡಕ್ಕೆ ನೀರು ಹಾಕೋಕೆ ಆಗುತ್ತಿಲ್ಲ ಅಂದಿರಲ್ಲ, ಆ ಮಾತನ್ನು ಡಾಕ್ಟರ ಮುಂದೆ ಹಾಗೇ ಹೇಳಿ. "ಆಪರೇಷನ್ ಆದರೆ ನಾನು ಮತ್ತೆ ಮಹಡಿ ಹತ್ತಬಹುದಾ, ಎಷ್ಟು ತಿಂಗಳಿಗೆ?" ಅಂತ ಕೇಳಿ. ಮಾತ್ರೆ ಇನ್ನೊಂದು ಸೇರಿಸಿ ನೋಡಬಹುದಾ ಅಂತಲೂ ಕೇಳಿ, ಎಷ್ಟೋ ಸಲ ಆ ದಾರಿಯಲ್ಲಿ ಇನ್ನೂ ಜಾಗ ಇರುತ್ತದೆ. ಹಾಸಿಗೆ ಹಿಡಿಯುವ ಭಯವನ್ನೂ ನುಂಗಿಕೊಳ್ಳಬೇಡಿ. ಮಾಡಿಸುವುದೇ ಆದರೆ, ಹೆಚ್ಚುಕಡಿಮೆಯಾದಾಗ ಎಷ್ಟು ದಿನದವರೆಗೆ ವೆಂಟಿಲೇಟರ್, ಎಲ್ಲಿಗೆ ಸಾಕು ಅನ್ನೋದನ್ನು ಮೊದಲೇ ಮಕ್ಕಳ ಎದುರಿಗೆ ಹೇಳಿಬಿಡಿ. ಮಗನಿಗೆ ಅದು ಕೇಳೋಕೆ ಕಷ್ಟ, ಆದರೆ ಆ ರಾತ್ರಿ ಅವನೊಬ್ಬನೇ ನಿರ್ಧಾರ ಮಾಡಬೇಕಾಗಿ ಬಂದರೆ ಇನ್ನೂ ಕಷ್ಟ. ಈ ಸಲ ಹೋದಾಗ ಡಾಕ್ಟರ ಎದುರಿನ ಕುರ್ಚಿಯಲ್ಲಿ ನೀವು ಕೂತುಕೊಳ್ಳಿ, ಮಕ್ಕಳು ಹಿಂದೆ ನಿಂತಿರಲಿ.

ನಾಲಿಗೆ ಕೆಳಗೆ ಇಡುವ ಮಾತ್ರೆ ಕೊಟ್ಟಿದ್ದಾರಾ? ಕೊಟ್ಟಿದ್ದರೆ ಬೀರುವಿನಲ್ಲಿಡಬೇಡಿ, ಮಲಗುವಾಗಲೂ ಕೈಗೆಟಕುವ ಹಾಗಿರಲಿ. ಎದೆ ಹಿಡಿದರೆ ಮೊದಲು ಕೂತುಕೊಳ್ಳಿ, ಆಮೇಲೆ ಮಾತ್ರೆ. ನಿಂತು ಇಟ್ಟುಕೊಂಡರೆ ಬಿಪಿ ಇಳಿದು ಬೀಳಬಹುದು. ಐದು ನಿಮಿಷದಲ್ಲಿ ನೋವು ಇಳಿಯದಿದ್ದರೆ ಮಗನನ್ನು ಎಬ್ಬಿಸಿ, ಆಂಬುಲೆನ್ಸ್ ಕರೆಸಿ. ರಾತ್ರಿ ಎರಡು ಗಂಟೆ ಆಗಿದ್ದರೂ ಸರಿ.